ಸದ್ದು ಬದಲಾಗುವ ಹೊತ್ತು

ಅಜ್ಜಿಯ ಮನೆಯಲ್ಲಿ ನನಗೆ ಎಚ್ಚರವಾಗುತ್ತಿದ್ದದ್ದು ಕಡಗೋಲಿನ ಸದ್ದಿಗೆ. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ಸರಿದ ಹಳ್ಳಿ ಅದು. ಹೊರಗೆ ಇನ್ನೂ ಕತ್ತಲಿರುತ್ತಿತ್ತು. ಹುಳುಮನೆಯ ಕಡೆಯಿಂದ ರೇಷ್ಮೆಹುಳುಗಳು ಸೊಪ್ಪು ಮೇಯುವ ಸರಸರ, ಕೊಟ್ಟಿಗೆಯಲ್ಲಿ ಎಮ್ಮೆಯ ಉಸಿರು, ಅವೆರಡರ ನಡುವೆ ಅಡುಗೆಮನೆಯ ಕಂಬದ ಪಕ್ಕದಿಂದ ಬರುವ ಒಂದೇ ಲಯದ ಸದ್ದು. ಮೊದಮೊದಲು ತೆಳ್ಳಗೆ ಗಳಗಳ ಎನ್ನುವುದು. ಬರಬರುತ್ತ ದಪ್ಪಗಾಗಿ, ಯಾರೋ ಕಂಬಳಿಯೊಳಗಿನಿಂದ ಮಾತಾಡಿದ ಹಾಗೆ ಅಡಗುವುದು. ಬಹಳ ಹೊತ್ತು ಹಾಗೆಯೇ. ಆಮೇಲೆ ಇದ್ದಕ್ಕಿದ್ದಂತೆ ಬಿಡಿಬಿಡಿಯಾಗಿ ಚಳಕ್, ಚಳಕ್. ಅಜ್ಜಿಯ ಕೈ ಅಲ್ಲಿಗೆ ನಿಧಾನವಾಗುತ್ತಿತ್ತು. ಗಡಿಗೆಯೊಳಗೆ ಇಣುಕಿ ನೋಡುವ ಅಗತ್ಯವೇ ಆಕೆಗಿರಲಿಲ್ಲ.

“ಬಂತಾ ಅಜ್ಜಿ?” ಎಂದು ಹಾಸಿಗೆಯಿಂದಲೇ ಕೇಳಿದರೆ, “ಬಾಯ್ ಮುಚ್ಕೊಂಡು ಮಲ್ಕೊ. ಬೆಣ್ಣೆ ಬರೋ ಹೊತ್ನಾಗೆ ಬಂತಾ ಅನ್ಬಾರ್ದು” ಎಂದು ಗದರುತ್ತಿದ್ದಳು.

ಕಡಗೋಲಿನ ಆ ಮೂರು ಸದ್ದುಗಳಲ್ಲಿ ಇಡೀ ಭೌತವಿಜ್ಞಾನವೊಂದು ಅಡಗಿದೆ ಎಂದು ನನಗೆ ಗೊತ್ತಾಗಲು ಇಪ್ಪತ್ತು ವರ್ಷ ಬೇಕಾಯಿತು. ಇದೇ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಬಳಿ 1965ರಿಂದ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪಮಾಪಕಗಳ ಸಾಲೊಂದು ನೆಲಕ್ಕೆ ಕಿವಿಯಿಟ್ಟು ಕೂತಿದೆ. ಸಾವಿರಾರು ಕಿಲೋಮೀಟರ್ ಆಚೆ ನೆಲ ನಡುಗಿದರೆ, ಅದು ಸಹಜ ಭೂಕಂಪವೋ ಯಾರಾದರೂ ನೆಲದಡಿ ಸಿಡಿಸಿದ ಅಣುಬಾಂಬೋ ಎಂದು ಅಲೆಯ ರೂಪದಿಂದಲೇ ಗುರುತಿಸುವುದು ಅಲ್ಲಿಯ ಕೆಲಸ. ಕಣ್ಣಿಗೆ ಕಾಣದ ಕಡೆ ಏನು ನಡೆಯಿತೆಂದು ಕಂಪನದಿಂದ ಓದುವ ವಿದ್ಯೆ ಅದು. ಬಾಯಿ ಕಿರಿದಾದ ಮಣ್ಣಿನ ಗಡಿಗೆಯ ಮುಂದೆ, ದೀಪವಿಲ್ಲದ ಹೊತ್ತಿನಲ್ಲಿ ಕೂತ ಹೆಂಗಸರಿಗೂ ಬೇಕಾಗಿದ್ದದ್ದು ಅದೇ ವಿದ್ಯೆ.

ಗಡಿಗೆಯೊಳಗೆ ಏನಿದೆ ಎಂಬಲ್ಲಿಂದ ಶುರು ಮಾಡೋಣ. ಹಾಲಿನಲ್ಲಿ ಕೊಬ್ಬು ಕರಗಿರುವುದಿಲ್ಲ, ಸಣ್ಣ ಸಣ್ಣ ಗೋಲಿಗಳಾಗಿ ತೇಲುತ್ತಿರುತ್ತದೆ. ಒಂದೊಂದರ ಅಡ್ಡಳತೆ ಸರಾಸರಿ 3ರಿಂದ 5 ಮೈಕ್ರೋಮೀಟರ್. 200 ಗೋಲಿಗಳನ್ನು ಒಂದರ ಪಕ್ಕ ಒಂದು ಜೋಡಿಸಿದರೂ 1 ಮಿಲಿಮೀಟರ್ ಮುಟ್ಟುವುದು ಕಷ್ಟ. 1 ಮಿಲಿಲೀಟರ್ ಹಾಲಿನಲ್ಲಿ ಇಂಥವು ನೂರು ಕೋಟಿಗೂ ಮೀರಿ ಇರುತ್ತವೆ. ಬೆಣ್ಣೆ ಎಂದರೆ ಇವು ಒಂದಕ್ಕೊಂದು ಅಂಟಿಕೊಂಡ ಮುದ್ದೆ, ಅಷ್ಟೇ. ಹಾಗಾದರೆ ಇಷ್ಟು ಒತ್ತೊತ್ತಾಗಿರುವ ಗೋಲಿಗಳು ತಾವಾಗಿಯೇ ಏಕೆ ಅಂಟಿಕೊಳ್ಳುವುದಿಲ್ಲ? ಪ್ರತಿಯೊಂದಕ್ಕೂ ಒಂದು ಹೊದಿಕೆ ಇದೆ. ಹಸುವಿನ ಕೆಚ್ಚಲಿನ ಜೀವಕೋಶ ಕೊಬ್ಬಿನ ಹನಿಯನ್ನು ಹೊರಕ್ಕೆ ತಳ್ಳುವಾಗ, ಆ ಹನಿ ಕೋಶದ ಪೊರೆಯನ್ನೇ ಮೈಗೆ ಸುತ್ತಿಕೊಂಡು ಬರುತ್ತದೆ. ಬಾಗಿಲ ಪರದೆಯನ್ನು ಸುತ್ತಿಕೊಂಡೇ ಓಡಿಬಂದ ಮಗುವಿನ ಹಾಗೆ. ಫಾಸ್ಫೊಲಿಪಿಡ್ ಮತ್ತು ಪ್ರೋಟೀನುಗಳಿಂದಾದ ಆ ತೆಳು ಪೊರೆಯ ಒಳಮೈಗೆ ಕೊಬ್ಬು ಹಿತ, ಹೊರಮೈಗೆ ನೀರು ಹಿತ. ಮೇಲಾಗಿ ಎಲ್ಲ ಗೋಲಿಗಳ ಹೊರಮೈಯಲ್ಲೂ ಋಣ ವಿದ್ಯುದಂಶವಿರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ಬೆಣ್ಣೆ ತೆಗೆಯುವ ಕೆಲಸವೆಲ್ಲ ಈ ಹೊದಿಕೆಯನ್ನು ಕಳಚುವ ಕೆಲಸ.

ಮೊದಲ ಹೆಜ್ಜೆಯನ್ನು ಇಡುವುದು ಕಡಗೋಲಲ್ಲ, ಹೆಪ್ಪು. ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಬಿದ್ದ ಒಂದು ಚಮಚ ಮೊಸರಿನಲ್ಲಿ ಕೋಟ್ಯಂತರ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳಿರುತ್ತವೆ. ಅವು ಹಾಲಿನ ಸಕ್ಕರೆಯನ್ನು ತಿಂದು ಆಮ್ಲ ಬಿಡುತ್ತವೆ. ಹಾಲಿನ ಪಿಎಚ್ 6.7ರಿಂದ ಇಳಿಯುತ್ತ 4.6ರ ಹತ್ತಿರ ಬಂದಾಗ ಕೇಸಿನ್ ಪ್ರೋಟೀನು ಗಟ್ಟಿಯಾಗಿ ಬಲೆ ಕಟ್ಟುತ್ತದೆ, ಕೊಬ್ಬಿನ ಗೋಲಿಗಳು ಅದರಲ್ಲಿ ಇದ್ದಲ್ಲೇ ಸಿಕ್ಕಿಕೊಳ್ಳುತ್ತವೆ. ಆಮ್ಲದಿಂದಾಗಿ ಗೋಲಿಗಳ ನಡುವಿನ ತಳ್ಳಾಟವೂ ತಗ್ಗುತ್ತದೆ. ಯೂರೋಪಿನಲ್ಲಿ ಕೆನೆಯನ್ನು ಬೇರೆ ಮಾಡಿ, ಬಲಿಸಿ, ಅದನ್ನು ಕಡೆಯುವುದು ವಾಡಿಕೆ. ನಮ್ಮಲ್ಲಿ ಇಡೀ ಹಾಲನ್ನು ಮೊಸರು ಮಾಡಿ ಕಡೆಯುತ್ತಾರೆ. ಕೆನೆ ತಣ್ಣಗೆ ಮೇಲೇರುವವರೆಗೆ ಹಸಿ ಹಾಲು ಕೆಡದೆ ಇರಬೇಕಲ್ಲ, ನಮ್ಮ ಹವೆಯಲ್ಲಿ ಅದು ಇರುವುದಿಲ್ಲ. ಹುಳಿಯೇ ಇಲ್ಲಿ ಕಾವಲು.

ಇನ್ನು ಸದ್ದುಗಳು. ಕಡಗೋಲು ತಿರುಗಿದೊಡನೆ ಕೇಸಿನ್ ಬಲೆ ಹರಿದು ಮೊಸರು ನೀರಾಗುತ್ತದೆ. ಗಳಗಳ ಅದರದ್ದು. ಜೊತೆಗೆ ಗಾಳಿಯೂ ಒಳಕ್ಕೆ ನುಗ್ಗಿ ಗುಳ್ಳೆಗಳಾಗುತ್ತದೆ. ಗುಳ್ಳೆಯ ಮೈ ಸೋಕಿದ ಕೊಬ್ಬಿನ ಗೋಲಿ ಅಲ್ಲೇ ಅಂಟಿ, ಅದರ ಹೊದಿಕೆ ಅಷ್ಟು ಜಾಗದಲ್ಲಿ ಹರಿದು, ಒಳಗಿನ ದ್ರವ ಕೊಬ್ಬು ಗುಳ್ಳೆಯ ಮೇಲೆ ಹರಡುತ್ತದೆ. ನೊರೆ ಏರಿ ಗಡಿಗೆ ತುಂಬಿದಂತೆ ಕಾಣುವ ಈ ಹೊತ್ತಿನಲ್ಲೇ ಸದ್ದು ಕಂಬಳಿ ಹೊದ್ದುಕೊಳ್ಳುವುದು. ನೊರೆ ಶಬ್ದವನ್ನು ನುಂಗುತ್ತದೆ. ಗುಳ್ಳೆಗಳು ಒಡೆಯುತ್ತ, ಹೊಸವು ಹುಟ್ಟುತ್ತ ಇರುವಾಗ ಅವುಗಳ ಮೈಮೇಲಿದ್ದ ಗೋಲಿಗಳು ಗುಂಪುಗೂಡುತ್ತವೆ. ಗುಂಪು ಸಾಸಿವೆಯಾಗುತ್ತದೆ, ಸಾಸಿವೆ ರಾಗಿಕಾಳನ್ನೂ ಮೀರಿ ಜೋಳದ ಗಾತ್ರಕ್ಕೆ ಬೆಳೆಯುತ್ತದೆ. ಗುಳ್ಳೆಯನ್ನು ಹಿಡಿದಿಡಲು ಬೇಕಾದ ಕೊಬ್ಬು ಈಗ ಅಲ್ಲಿಲ್ಲ. ನೊರೆ ಒಮ್ಮೆಗೇ ಕುಸಿಯುತ್ತದೆ. ಕೆಳಗೆ ತೆಳ್ಳನೆಯ ಮಜ್ಜಿಗೆ, ಮೇಲೆ ತೇಲುವ ಹರಳು ಬೆಣ್ಣೆ. ಚಳಕ್ ಎಂಬುದು ಆ ಮಜ್ಜಿಗೆಯ ಸದ್ದು.

ಆ ಕ್ಷಣದಲ್ಲಿ ನಡೆಯುವುದು ಒಂದು ತಿರುವುಮುರುವು. ಹಾಲಿನಲ್ಲಿ ನೀರಿನೊಳಗೆ ಕೊಬ್ಬಿನ ಹನಿಗಳಿದ್ದವು, ಬೆಣ್ಣೆಯಲ್ಲಿ ಕೊಬ್ಬಿನೊಳಗೆ ನೀರಿನ ಹನಿಗಳಿರುತ್ತವೆ. 100 ಗ್ರಾಂ ಬೆಣ್ಣೆಯಲ್ಲಿ ಸುಮಾರು 80 ಗ್ರಾಂ ಕೊಬ್ಬು, ಉಳಿದದ್ದು ಹೆಚ್ಚುಕಡಿಮೆ ನೀರೇ. ಕಾಯಿಸುವಾಗ ಅಷ್ಟೊಂದು ಚಟಪಟ ಎನ್ನುವುದು ಆ ನೀರು.

ಕಡಗೋಲಿನ ಕಡೆಗೂ ಒಂದಿಷ್ಟು ಹೊತ್ತು ನೋಡಬೇಕು, ಅದರ ಜಾಣತನ ಸಾಮಾನ್ಯದ್ದಲ್ಲ. ಗಟ್ಟಿ ಮರದ ಕೋಲು, ಬುಡದಲ್ಲಿ ಕಮಲದ ಮೊಗ್ಗನ್ನು ಸೀಳಿದಂತೆ ಸೀಳುಗಳು. ನೆಟ್ಟ ಕಂಬಕ್ಕೆ ಕಟ್ಟಿದ ಎರಡು ಬಳೆಗಳೊಳಗೆ ಕೋಲು ಸಡಿಲವಾಗಿ ನಿಂತಿರುತ್ತದೆ. ನಡುವೆ ಎರಡು ಸುತ್ತು ಸುತ್ತಿದ ಹಗ್ಗ, ಎರಡೂ ತುದಿ ಎರಡು ಕೈಯಲ್ಲಿ. ಕೋಲಿನ ದಪ್ಪ ಎರಡೂವರೆ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ, ಅದರ ಸುತ್ತಳತೆ ಸುಮಾರು 8 ಸೆಂಟಿಮೀಟರ್. ಒಂದು ಕೈ 40 ಸೆಂಟಿಮೀಟರ್ ಎಳೆದರೆ ಕೋಲು 5 ಸುತ್ತು ತಿರುಗುತ್ತದೆ. ಸೆಕೆಂಡಿಗೊಂದು ಎಳೆತವಾದರೆ ಅರ್ಧ ಗಂಟೆಗೆ 1,800 ಎಳೆತ, 9,000 ಸುತ್ತು. ಮೊಗ್ಗಿನ ಅಗಲ 10 ಸೆಂಟಿಮೀಟರ್ ಇದ್ದರೆ ಅದರ ಅಂಚು ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ಮೊಸರನ್ನು ಸೀಳುತ್ತಿರುತ್ತದೆ. ಆರಾಮವಾಗಿ ಕೂತ ಹೆಂಗಸೊಬ್ಬಳ ತೋಳಿನಿಂದ, ಹಲ್ಲುಗಾಲಿಯ ಸಹಾಯವಿಲ್ಲದೆ, ಇಷ್ಟು ವೇಗ.

ಆದರೆ ನಿಜವಾದ ಗುಟ್ಟು ಹಿಂದೆ ಮುಂದೆ ತಿರುಗುವುದರಲ್ಲಿದೆ. ಒಂದೇ ದಿಕ್ಕಿಗೆ ತಿರುಗಿಸುತ್ತಿದ್ದರೆ ಮೊಸರೂ ಕೋಲಿನ ಜೊತೆಗೇ ತಿರುಗಲು ಕಲಿತುಬಿಡುತ್ತದೆ. ಜಾತ್ರೆಯ ತೊಟ್ಟಿಲಲ್ಲಿ ಕೂತವರು ತೊಟ್ಟಿಲಿನ ಜೊತೆಗೇ ಸುತ್ತುತ್ತಾರೆ, ಒಬ್ಬರಿಗೊಬ್ಬರು ತಾಗುವುದಿಲ್ಲ. ದಿಕ್ಕು ಬದಲಿಸಿದಾಗ ಬರುವ ಮೊಸರಿಗೆ ಹೋಗುವ ಕೋಲು ಎದುರಾಗುತ್ತದೆ. ಗೋಲಿಗೆ ಗೋಲಿ ಡಿಕ್ಕಿಯಾಗುವುದು ಆಗಲೇ. ಸಮುದ್ರಮಥನದ ಕಥೆ ಕಟ್ಟಿದವರು ಇದನ್ನು ಚೆನ್ನಾಗಿ ಬಲ್ಲವರು: ಮಂದರ ಪರ್ವತವೇ ಕಡಗೋಲು, ವಾಸುಕಿಯೇ ಹಗ್ಗ. ಅಮೃತ ಹುಟ್ಟಲು ದೇವತೆಗಳಷ್ಟೇ ಎಳೆದರೆ ಸಾಲದು, ಆ ಕಡೆಯಿಂದ ಅಸುರರೂ ಎಳೆಯಬೇಕು. ಇನ್ನು ಉಡುಪಿಯ ಕೃಷ್ಣನ ಕೈಯಲ್ಲಿ ಕೊಳಲಿಲ್ಲ. ಬಲಗೈಯಲ್ಲಿ ಕಡಗೋಲು, ಎಡಗೈಯಲ್ಲಿ ಹಗ್ಗ. ಅಡುಗೆಮನೆಯ ಉಪಕರಣವನ್ನು ದೇವರ ಆಯುಧದ ಜಾಗದಲ್ಲಿ ನಿಲ್ಲಿಸಿದ ಶಿಲ್ಪಿಯ ಬಗ್ಗೆ ನನಗೆ ಬಹಳ ಗೌರವ.

ಇಷ್ಟೆಲ್ಲ ಇದ್ದೂ ಕೆಲವು ದಿನ ಬೆಣ್ಣೆ ಬರುವುದಿಲ್ಲ. ಒಂದು ಗಂಟೆ ಎಳೆದರೂ ನೊರೆ ನೊರೆಯಾಗಿಯೇ ಉಳಿಯುತ್ತದೆ. ಇನ್ನು ಕೆಲವು ದಿನ ಬಂದ ಬೆಣ್ಣೆ ಎಣ್ಣೆಯ ಹಾಗೆ ಬೆರಳಿಗೆ ಸಿಗದೆ ಜಾರುತ್ತದೆ. ಅದೇ ಹಸು, ಅದೇ ಹೆಪ್ಪು, ಅದೇ ಕೈ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ.

ಮಂಜುಗಡ್ಡೆಯಂತೆ ಹಾಲಿನ ಕೊಬ್ಬು ಒಂದೇ ಪದಾರ್ಥವಲ್ಲ. ನೂರಾರು ಬಗೆಯ ಕೊಬ್ಬುಗಳ ಬೆರಕೆ. ಅದರಲ್ಲಿ ಕೆಲವು ಸೊನ್ನೆಗಿಂತ ಬಹಳ ಕೆಳಗೂ ದ್ರವವಾಗಿಯೇ ಇರುತ್ತವೆ, ಕೆಲವು 40 ಡಿಗ್ರಿ ಸೆಲ್ಸಿಯಸ್ ಹತ್ತಿರ ಬರುವವರೆಗೂ ಕರಗುವುದಿಲ್ಲ. ಹೀಗಾಗಿ ನಾವು ಬದುಕುವ ಹವೆಯಲ್ಲಿ ಒಂದೊಂದು ಗೋಲಿಯೂ ಅರ್ಧಂಬರ್ಧ ಗಟ್ಟಿ, ಅರ್ಧಂಬರ್ಧ ದ್ರವ. 20 ಡಿಗ್ರಿಯಲ್ಲಿ ಸುಮಾರು ಐದರಲ್ಲೊಂದು ಪಾಲು ಗಟ್ಟಿ ಇರುತ್ತದೆ. 30 ದಾಟಿದರೆ ಹೆಚ್ಚುಕಡಿಮೆ ಎಲ್ಲವೂ ದ್ರವ. ಬೆಣ್ಣೆ ಕಟ್ಟಲು ಎರಡೂ ಬೇಕು. ಗಟ್ಟಿಯಾದ ಹರಳಿನ ಮೊನೆ ಒಳಗಿನಿಂದ ಹೊದಿಕೆಯನ್ನು ಚುಚ್ಚಿ ಪಕ್ಕದ ಗೋಲಿಯ ಮೈಗೆ ನಾಟುತ್ತದೆ, ದ್ರವವಾಗಿರುವ ಕೊಬ್ಬು ಆ ತೂತಿನಿಂದ ಒಸರಿ ಎರಡನ್ನೂ ಅಂಟಿಸುತ್ತದೆ. ಹರಳು ಇಟ್ಟಿಗೆ, ದ್ರವ ಗಾರೆ. ಬಹಳ ಚಳಿಯಾದರೆ ಗಾರೆಯಿಲ್ಲ, ಗೋಲಿಗಳು ಗೋಲಿಗುಂಡಿನ ಹಾಗೆ ಒಂದಕ್ಕೊಂದು ಬಡಿದು ದೂರ ಸರಿಯುತ್ತವೆ. ಬಹಳ ಸೆಕೆಯಾದರೆ ಇಟ್ಟಿಗೆಯೇ ಇಲ್ಲ, ಎರಡು ಹನಿ ಕೂಡಿ ದೊಡ್ಡ ಹನಿಯಾಗುತ್ತದೆಯೇ ಹೊರತು ಮುದ್ದೆ ಕಟ್ಟುವುದಿಲ್ಲ.

ಈ ಕಿರಿದಾದ ಅಂತರವನ್ನು ಹಿಡಿಯಲು ಥರ್ಮಾಮೀಟರ್ ಇಲ್ಲದ ಮನೆಗಳು ಮಾಡಿಕೊಂಡಿದ್ದ ಏರ್ಪಾಡುಗಳನ್ನು ಒಂದೊಂದಾಗಿ ನೋಡಿದರೆ ನನಗೆ ಮೈ ಜುಮ್ಮೆನ್ನುತ್ತದೆ. ಕಡೆಯುವುದು ಬೆಳಗಿನ ಜಾವ, ದಿನದ ಅತ್ಯಂತ ತಂಪು ಹೊತ್ತು. ಅಷ್ಟು ಹೊತ್ತಿಗೆ ಮೊಸರು ಇಡೀ ರಾತ್ರಿ ತಣ್ಣಗೆ ಕೂತಿರುತ್ತದೆ. ಅದೂ ಮುಖ್ಯ. ಕೊಬ್ಬು ಒಂದೇ ಪಾತ್ರೆಯಲ್ಲಿ ಒಟ್ಟಿಗಿದ್ದರೆ ಒಂದು ಕಡೆ ಹರಳು ಹುಟ್ಟಿ ಎಲ್ಲ ಕಡೆ ಹಬ್ಬೀತು. ಕೋಟಿ ಕೋಟಿ ಗೋಲಿಗಳಾಗಿ ಬೇರೆ ಬೇರೆ ಇದ್ದಾಗ ಪ್ರತಿಯೊಂದರಲ್ಲೂ ಹರಳು ಹೊಸದಾಗಿಯೇ ಹುಟ್ಟಬೇಕು. ಅದಕ್ಕೆ ಗಂಟೆಗಟ್ಟಲೆ ಕಾಯಬೇಕು. ಈಗಿನ ಡೈರಿಗಳಲ್ಲೂ ಕೆನೆಯನ್ನು ಕಡೆಯುವ ಮುನ್ನ ತಣ್ಣಗಿಟ್ಟು ಕಾಯುತ್ತಾರೆ.

ಪಾತ್ರೆ ಮಣ್ಣಿನದು. ಮಣ್ಣು ಒಸರುತ್ತದೆ, ಒಸರಿದ ನೀರು ಆರುವಾಗ ಗಡಿಗೆಯ ಶಾಖವನ್ನು ಕೊಂಡೊಯ್ಯುತ್ತದೆ. ಲೆಕ್ಕ ಹಾಕಿದರೆ, ಹೊರಗಿನ ಬಿಸಿ ಒಳಬರುವುದನ್ನು ಬದಿಗಿಟ್ಟು, 10 ಗ್ರಾಂ ನೀರು ಆರಿದರೆ 5 ಲೀಟರ್ ಮೊಸರು 1 ಡಿಗ್ರಿಗೂ ಸ್ವಲ್ಪ ಹೆಚ್ಚು ತಣಿಯುತ್ತದೆ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ, ಒಣಹವೆಯ ಚಿಕ್ಕಬಳ್ಳಾಪುರದ ಸೀಮೆಗೆ ಇದು ಹೇಳಿ ಮಾಡಿಸಿದ ಉಪಾಯ. ಮಂಗಳೂರಿನ ಬೆವರುವ ಹವೆಯಲ್ಲಿ ಅದೇ ಗಡಿಗೆ ಇಷ್ಟು ಚೆನ್ನಾಗಿ ತಣಿಯುವುದಿಲ್ಲ.

ಉಳಿದ ಹೊಂದಾಣಿಕೆ ಚೆಂಬಿನ ನೀರಿನಿಂದ. ಚೈತ್ರ ವೈಶಾಖದಲ್ಲಿ ಕಡೆಯುತ್ತ ಕಡೆಯುತ್ತ ಹರವಿಯ ತಣ್ಣೀರು, ಧನುರ್ಮಾಸದಲ್ಲಿ ಒಲೆಯ ಮೇಲಿನ ಬಿಸಿನೀರು. ನಂದಿಬೆಟ್ಟದ ಕಡೆಯಿಂದ ಮಂಜು ಇಳಿದು ಕೂರುವ ದಿನಗಳಲ್ಲಿ ಬಿಸಿನೀರು ಹುಯ್ಯದೆ ಬೆಣ್ಣೆ ಕಾಣುವುದಿಲ್ಲ ಎಂದು ಆ ಬುಡದ ಊರುಗಳವರು ಹೇಳುತ್ತಾರೆ. ಎಷ್ಟು ಬಿಸಿ? ಅಜ್ಜಿ ಎಡಗೈ ಮುಂಗೈಯನ್ನು ಗಡಿಗೆಯ ಹೊರಮೈಗೆ ಒತ್ತಿ ಹಿಡಿದು, ಆಮೇಲೆ ಚೆಂಬು ಬಗ್ಗಿಸುತ್ತಿದ್ದಳು. ಕಡೆಯುವ ಕೆಲಸವೇ ಮೊಸರನ್ನು ಒಂದೆರಡು ಡಿಗ್ರಿ ಏರಿಸುತ್ತದೆ ಎಂಬುದೂ ಆ ಮುಂಗೈಗೆ ಗೊತ್ತಿತ್ತು ಎಂದು ಕಾಣುತ್ತದೆ. ಕೊನೆಯ ಹೊತ್ತಿಗೆ ಬೇಸಿಗೆಯಲ್ಲಿ ಇನ್ನೊಮ್ಮೆ ತಣ್ಣೀರು ಬೀಳುತ್ತಿತ್ತು.

ಕೊಟ್ಟಿಗೆಯ ಮೇವೂ ಇದರಲ್ಲಿ ಪಾಲುದಾರ. ಹತ್ತಿಕಾಳು ತಿಂದ ಎಮ್ಮೆಯ ಬೆಣ್ಣೆ ಗಟ್ಟಿ. ಈ ಕಡೆ ಹೆಚ್ಚಾಗಿ ಸಿಗುವ ಕಡಲೆಕಾಯಿ ಹಿಂಡಿ ತಿಂದರೆ ಮೆದು, ಅದರಲ್ಲಿನ ಎಣ್ಣೆ ಹಾಲಿನ ಕೊಬ್ಬಿನ ಕರಗುವ ಮಟ್ಟವನ್ನು ಇಳಿಸುತ್ತದೆ. ಕರು ಹಾಕಿ ಬಹಳ ತಿಂಗಳಾಗಿ ಬತ್ತುವುದಕ್ಕೆ ಬಂದ ಹಸುವಿನ ಹಾಲಿನ ಗೋಲಿಗಳು ಚಿಕ್ಕವು, ಅವು ಗುಂಪುಗೂಡಲು ಹೆಚ್ಚು ಹೊತ್ತು ಹಿಡಿಯುತ್ತದೆ. ಎಮ್ಮೆಯ ಗೋಲಿಗಳು ದೊಡ್ಡವು, ಕೊಬ್ಬು ನೂರಕ್ಕೆ ಏಳರ ಹತ್ತಿರ. ಅದಕ್ಕೇ ಎಮ್ಮೆ ಮೊಸರು ಬೇಗ ಬೆಣ್ಣೆ ಬಿಡುತ್ತದೆ. ಶಿಡ್ಲಘಟ್ಟದ ಸುತ್ತ ಹುಳು ಮೇದು ಬಿಟ್ಟ ಹಿಪ್ಪುನೇರಳೆ ಸೊಪ್ಪು ಕಡ್ಡಿಗಳನ್ನು ಹಸುಗಳಿಗೆ ಹಾಕುತ್ತಾರೆ. ಹಸಿರೆಲೆಯ ಕೆರೋಟಿನ್ ಹಸುವಿನ ಬೆಣ್ಣೆಗೆ ಹಳದಿ ಕೊಡುತ್ತದೆ. ಎಮ್ಮೆ ಅದೇ ಕೆರೋಟಿನನ್ನು ಬಣ್ಣವಿಲ್ಲದ ಎ ಜೀವಸತ್ವವಾಗಿ ಮಾರ್ಪಡಿಸಿಬಿಡುವುದರಿಂದ ಅದರ ಬೆಣ್ಣೆ ಬಿಳಿ. ಬೆಣ್ಣೆ ಎಂಬ ಮಾತೇ ‘ಬೆಳ್’ ಮತ್ತು ‘ನೆಯ್’ ಸೇರಿ ಆದದ್ದು, ಬಿಳಿಯ ನೆಯ್. ಗೌರಿಬಿದನೂರು, ಚಿಂತಾಮಣಿಯ ಎಷ್ಟೋ ಮನೆಗಳಲ್ಲಿ ಆಡುವ ತೆಲುಗಿನ ‘ವೆನ್ನ’ ಕೂಡ ಇದೇ ಬಳ್ಳಿಯ ಕಾಯಿ.

ಹಾಲು ಯಾವ ಪ್ರಾಣಿಯದು ಎಂಬುದೂ ಲೆಕ್ಕಕ್ಕೆ ಬರುತ್ತದೆ. 1927ರ ಬೇಸಿಗೆಯಲ್ಲಿ ಗಾಂಧೀಜಿ ಕಾಯಿಲೆಯಿಂದ ಚೇತರಿಸಿಕೊಳ್ಳಲು ನಂದಿಬೆಟ್ಟದ ಮೇಲೆ ಉಳಿದಿದ್ದರು. ಹಸು ಎಮ್ಮೆಗಳ ಹಾಲು ಬಿಟ್ಟು ಆಡಿನ ಹಾಲು ಕುಡಿಯುತ್ತಿದ್ದ ಕಾಲ ಅದು. ಆಮೇಲೆ ಬೆಂಗಳೂರಿಗೆ ಇಳಿದು ಅಲ್ಲಿನ ಸರ್ಕಾರಿ ಹೈನುಗಾರಿಕೆ ಸಂಸ್ಥೆಗೆ ಹೋಗಿ ಹಸುಸಾಕಣೆಯ ಪಾಠ ಕೇಳಿದರು. ಆಡುಗೋಡಿಯಲ್ಲಿ ಇಂದು ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರವಾಗಿ ಉಳಿದಿರುವುದು ಅದೇ. ಆಡಿನ ಹಾಲು ನಮ್ಮ ವಿಷಯಕ್ಕೆ ಒಳ್ಳೆಯ ಉದಾಹರಣೆ. ಹಸುವಿನ ಹಾಲಿನಲ್ಲಿ, ತಣ್ಣಗಾದಾಗ ಕೊಬ್ಬಿನ ಗೋಲಿಗಳನ್ನು ಗೊಂಚಲು ಗೊಂಚಲಾಗಿ ಹಿಡಿಯುವ ಒಂದು ಪ್ರೋಟೀನು ಇದೆ. ಆಡಿನ ಹಾಲಿನಲ್ಲಿ ಅದು ಕೆಲಸ ಮಾಡುವುದಿಲ್ಲ, ಗೋಲಿಗಳೂ ಸಣ್ಣವು. ಆಡಿನ ಹಾಲಿನ ಮೇಲೆ ಕೆನೆ ಕಟ್ಟುವುದನ್ನು ಕಾದು ಕೂತವರು ಕಾಯುತ್ತಲೇ ಇರಬೇಕು.

ಬೆಣ್ಣೆ ಬಾರದ ದಿನ ಅಜ್ಜಿ ಹೇಳುತ್ತಿದ್ದ ಕಾರಣ ದೃಷ್ಟಿ. “ಯಾರ್ದೋ ಕಣ್ ಬಿದ್ದೈತೆ” ಎಂದು ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕುವಳು. ಕಡೆಯುವಾಗ ಹೊರಗಿನವರು ಗಡಿಗೆಯೊಳಗೆ ನೋಡಬಾರದು, ಎಷ್ಟು ಬೆಣ್ಣೆ ಬಂತೆಂದು ಬಾಯಿಬಿಟ್ಟು ಹೇಳಬಾರದು, ಕಡಗೋಲನ್ನು ದಾಟಬಾರದು, ಎರವಲು ಕೊಡಬಾರದು. ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಹೆಪ್ಪು ಮನೆಯಿಂದಾಚೆ ಹೋಗಬಾರದು, ಶುಕ್ರವಾರವಂತೂ ಹಗಲಲ್ಲೂ ಬೇಡ. ಕೊಡಲೇಬೇಕಾಗಿ ಬಂದರೆ ಒಂದು ಒಣಮೆಣಸಿನಕಾಯಿಯೋ ಇದ್ದಿಲ ಚೂರೋ ಹಾಕಿ ಕೊಡಬೇಕು. ಈ ಸೀಮೆಯಲ್ಲಿ ಹುಟ್ಟಿ ಬೆಳೆದ ಯಾರಿಗೂ ಇವು ಹೊಸ ಮಾತಲ್ಲ.

ಹೊಸ ಮಾತು ಎಂದರೆ, ಇವೇ ಕಟ್ಟಳೆಗಳು ಐರ್ಲೆಂಡಿನಲ್ಲೂ ಇದ್ದವು ಎಂಬುದು. ಅಲ್ಲಿ ಮೇ 1ರಂದು ಮನೆಯಿಂದ ಹಾಲು, ಬೆಣ್ಣೆ, ಬೆಂಕಿ ಯಾವುದನ್ನೂ ಹೊರಕ್ಕೆ ಕೊಡುತ್ತಿರಲಿಲ್ಲ. ಕೊಟ್ಟರೆ ವರ್ಷವಿಡೀ ಬೆಣ್ಣೆಯ ಭಾಗ್ಯ ಅವರ ಹಿಂದೆ ಹೋಗುತ್ತದೆಂಬ ಭಯ. ಕಡೆಯುವ ಹೊತ್ತಿಗೆ ಬಂದವರು ಸುಮ್ಮನೆ ನೋಡಿ ಹೋಗುವಂತಿರಲಿಲ್ಲ, ತಾವೂ ಒಂದಿಷ್ಟು ಕಡೆದೇ ಹೋಗಬೇಕು. ಇಂಗ್ಲೆಂಡಿನ ಕೆಲವು ಕಡೆ ಬೆಣ್ಣೆ ಬಾರದಿದ್ದರೆ ಮಾಟಗಾತಿಯ ಕಾಟವೆಂದು ತಿಳಿದು ಕೆಂಪಗೆ ಕಾಯಿಸಿದ ಕಬ್ಬಿಣದ ಸಲಾಕೆಯನ್ನು ಕಡೆಯುವ ಪಾತ್ರೆಗೆ ಅದ್ದುತ್ತಿದ್ದರು. ಬೆಣ್ಣೆ ಬರುತ್ತಿತ್ತು. ಚಳಿನಾಡಿನ ತಣ್ಣನೆಯ ಕೆನೆಗೆ ಬೇಕಾಗಿದ್ದದ್ದು ಒಂದಿಷ್ಟು ಶಾಖ, ಸಲಾಕೆ ಅದನ್ನು ಕೊಟ್ಟಿತು. ಮಾಟ ಬಿಟ್ಟಿತೆಂದು ಮನೆಯವರು ನಂಬಿದರು. ನಮ್ಮಲ್ಲಿ ದೃಷ್ಟಿ ತೆಗೆದಾದ ಮೇಲೆ ಅಜ್ಜಿ ಒಲೆಯ ಮೇಲಿನ ಬಿಸಿನೀರನ್ನೂ ಒಂದು ಚೆಂಬು ಹುಯ್ಯುತ್ತಿದ್ದಳು. ಗೆದ್ದದ್ದು ಮೆಣಸಿನಕಾಯಿಯೋ ಚೆಂಬೋ ಎಂದು ಕೇಳುವ ಧೈರ್ಯ ಆಗ ನನಗಿರಲಿಲ್ಲ.

ಕೇಳುವ ಧೈರ್ಯ ಇದ್ದವರೊಬ್ಬರು ಇದೇ ಜಿಲ್ಲೆಯವರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಮನೆಯೊಂದರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಭೌತವಿಜ್ಞಾನಿಯಾದರು, 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಆರಂಭಿಸಿದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸುವ ಸಮಿತಿ ರಚಿಸಿದರು. ಅವರು ಕಲಿಸಿದ ದಾರಿಯಲ್ಲಿ ಈ ಕಟ್ಟಳೆಗಳನ್ನು ನೋಡುವುದೆಂದರೆ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕದಿರುವುದು. ‘ನಮ್ಮ ಹಿರಿಯರು ಮಾಡಿದ್ದೆಲ್ಲ ವಿಜ್ಞಾನ’ ಎನ್ನುವವರ ಜೊತೆ ನಾನು ಸೇರಲಾರೆ.

ಹೆಪ್ಪಿನ ಕಟ್ಟಳೆಯನ್ನೇ ತೆಗೆದುಕೊಳ್ಳಿ. ಸಂಜೆ ಎಂದರೆ ಮನೆಯಲ್ಲಿ ಹೆಪ್ಪು ಹಾಕುವ ಹೊತ್ತು. ಉಳಿದಿರುವ ಒಂದು ಸೌಟು ಮೊಸರನ್ನು ನೆರೆಮನೆಗೆ ಕೊಟ್ಟುಬಿಟ್ಟರೆ, ವರ್ಷಗಟ್ಟಲೆ ಆ ಮನೆಯಲ್ಲಿ ಒಂದು ಗಡಿಗೆಯಿಂದ ಇನ್ನೊಂದಕ್ಕೆ ಸಾಗಿಬಂದ ಬ್ಯಾಕ್ಟೀರಿಯಾಗಳ ಸಂತಾನವೇ ಕಡಿದುಹೋಗುತ್ತದೆ. ಆ ನಿಷೇಧದಲ್ಲಿ ನನಗೆ ಕಾಣುವುದು ಬೀಜದ ರಾಗಿಯನ್ನು ಬೀಸಬಾರದು ಎನ್ನುವ ರೈತನ ಎಚ್ಚರ. ಮೆಣಸಿನಕಾಯಿಯ ವಿಷಯದಲ್ಲೂ ಒಂದು ಮಾತಿದೆ: ಹೆಪ್ಪು ಸಿಗದಿದ್ದಾಗ ಮೆಣಸಿನಕಾಯಿಯ ತೊಟ್ಟು ಹಾಕಿ ಮೊಸರು ಮಾಡುವುದು ಹಳೆಯ ಉಪಾಯ, ತೊಟ್ಟಿನ ಮೇಲೆ ಹಾಲು ಹುಳಿಸುವ ಬ್ಯಾಕ್ಟೀರಿಯಾಗಳಿರುತ್ತವೆ. ಆದರೆ ಇದ್ದಿಲಿಗೆ ಅಂಥ ಯಾವ ಗುಣವೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಹೊರಗಿನವರ ಕಣ್ಣಿಗೂ ಗಡಿಗೆಯೊಳಗಿನ ಹರಳುಗಳಿಗೂ ಸಂಬಂಧವಿಲ್ಲ. ಮುಟ್ಟಾದ ಹೆಣ್ಣುಮಕ್ಕಳು ಮೊಸರಿನ ಗಡಿಗೆ ಮುಟ್ಟಿದರೆ ಬೆಣ್ಣೆ ಕೆಡುತ್ತದೆ ಎಂಬ ಮಾತಂತೂ ಸುಳ್ಳು, ಅದೂ ನೋಯಿಸುವ ಸುಳ್ಳು. ನಮ್ಮ ಮನೆಯಲ್ಲಿ ನನ್ನ ಅಕ್ಕ ಆ ಮೂರು ದಿನ ಹಜಾರದ ಮೂಲೆಯಲ್ಲಿ ಕೂತು, ತಾನೇ ಹಾಕಿದ ಹೆಪ್ಪಿನ ಮೊಸರನ್ನು ಬೇರೆಯವರು ಬಡಿಸುವುದನ್ನು ಕಾಯುತ್ತಿದ್ದಳು. ಬ್ಯಾಕ್ಟೀರಿಯಾಗೆ ಬೇಕಾದದ್ದು ಬೆಚ್ಚಗಿನ ಹಾಲು, ತೊಳೆದ ಕೈ. ಇವೆರಡರ ಹೊರತು ಅದು ಯಾರಲ್ಲೂ ಏನನ್ನೂ ಕೇಳುವುದಿಲ್ಲ.

ಕೆಲವು ಕಟ್ಟಳೆಗಳಿಗೆ ವಿಜ್ಞಾನದ ಪ್ರಮಾಣಪತ್ರ ಬೇಕಿಲ್ಲ, ಅವು ಹಾಗೆಯೇ ಚೆಂದ. ಹಸು ಕರು ಹಾಕಿ ಗಿಣ್ಣಿನ ದಿನಗಳು ಕಳೆದ ಮೇಲೆ ಮೊದಲ ಹಾಲಿನಿಂದ ತೆಗೆದ ಬೆಣ್ಣೆ ಮನೆದೇವರಿಗೆ ಮೀಸಲು. ದಿನವೂ ಬರುವ ಬೆಣ್ಣೆಯಲ್ಲಿ ಮೊದಲ ಚಿಟಿಕೆಯನ್ನು ಕಂಬಕ್ಕೆ ಒರೆಸಿ, ಎರಡನೆಯದನ್ನು ಎದುರಿಗೆ ಕೂತ ಮಗುವಿನ ಅಂಗೈಗೆ ಇಡುವುದು. ಅಜ್ಜಿಯ ಮನೆಯ ಕಂಬ ಆ ಎತ್ತರದಲ್ಲಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಇನ್ನೊಂದು: ಹಾಲು ಮಾರಬಹುದು, ತುಪ್ಪ ಮಾರಬಹುದು, ಮಜ್ಜಿಗೆ ಮಾರಬಾರದು. ಬೆಳಿಗ್ಗೆ ಏಳರ ಹೊತ್ತಿಗೆ ಚೆಂಬು ಹಿಡಿದ ಮಕ್ಕಳು, ಹಸುವಿಲ್ಲದ ಮನೆಗಳವರು ಬಾಗಿಲಲ್ಲಿ ಇರುತ್ತಿದ್ದರು. ಬೆಣ್ಣೆಯ ಜೊತೆ ಕೊಬ್ಬು ಹೋದರೂ ಮಜ್ಜಿಗೆಯಲ್ಲಿ ಹಾಲಿನ ಪ್ರೋಟೀನು, ಸುಣ್ಣದಂಶ ಬಹುಪಾಲು ಉಳಿದಿರುತ್ತದೆ. ಗೋಲಿಗಳು ಕಳಚಿ ಬಿಟ್ಟ ಹೊದಿಕೆಗಳೂ ಅಲ್ಲೇ ತೇಲುತ್ತಿರುತ್ತವೆ. ಮುದ್ದೆ, ಅಂಬಲಿ ಉಣ್ಣುವ ಬಡವರ ಮನೆಗಳಿಗೆ ಊರಿನ ಗಡಿಗೆಗಳಿಂದ ದಿನವೂ ಬಿಟ್ಟಿಯಾಗಿ ಹರಿದ ಪೌಷ್ಟಿಕತೆ ಎಷ್ಟಿದ್ದೀತು ಎಂದು ಯೋಚಿಸಿದರೆ, ಈ ಒಂದು ಕಟ್ಟಳೆ ಮಿಕ್ಕೆಲ್ಲಕ್ಕಿಂತ ದೊಡ್ಡದೆನಿಸುತ್ತದೆ.

ಆ ಚೆಂಬುಗಳ ಸಾಲು ಕರಗಿದ್ದು ಡೈರಿ ಬಂದ ಮೇಲೆ. 1974ರ ನಂತರ ಕರ್ನಾಟಕದಲ್ಲಿ ಹಾಲು ಉತ್ಪಾದಕರ ಸಂಘಗಳು ಹಬ್ಬಿದಾಗ ಆಗಿನ ಕೋಲಾರ ಜಿಲ್ಲೆ ಮುಂಚೂಣಿಯಲ್ಲಿತ್ತು. ಈ ತಾಲ್ಲೂಕುಗಳು ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ವರ್ಷವಿಡೀ ಹರಿಯುವ ನದಿಯಿಲ್ಲದ, ಮಳೆ ನೆಚ್ಚಲಾಗದ ನೆಲದಲ್ಲಿ ಸೀಮೆಹಸು ಮತ್ತು ರೇಷ್ಮೆಹುಳು ಮನೆ ನಡೆಸಿದವು. ಹಾಲಿಗೆ ಎರಡು ಹೊತ್ತೂ ಲೆಕ್ಕ ಬರೆದು ದುಡ್ಡು ಸಿಗುವಾಗ ಮೊಸರು ಮಾಡಿ, ಕಡೆದು, ಮಜ್ಜಿಗೆಯನ್ನು ಹಂಚುವವರು ಯಾರು? ಇದನ್ನು ನಾನು ಆಕ್ಷೇಪವಾಗಿ ಹೇಳುತ್ತಿಲ್ಲ. ಅರ್ಧ ಗಂಟೆಗೆ 1,800 ಸಲ ಹಗ್ಗ ಎಳೆದ ತೋಳುಗಳಿಗೆ ಆ ದುಡ್ಡು ಬೇಕಾಗಿತ್ತು.

ಡೈರಿಯಲ್ಲೂ ಕೇಳುವ ಮೊದಲ ಪ್ರಶ್ನೆ ಬೆಣ್ಣೆಯದೇ, “ಫ್ಯಾಟ್ ಎಷ್ಟು ಬಂತು?” ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ ಕಂಡುಹಿಡಿದ ಗಾಜಿನ ಕೊಳವೆಯಲ್ಲಿ 10 ಮಿಲಿಲೀಟರ್ ಗಂಧಕಾಮ್ಲದ ಮೇಲೆ 10.75 ಮಿಲಿಲೀಟರ್ ಹಾಲು, 1 ಮಿಲಿಲೀಟರ್ ಅಮೈಲ್ ಆಲ್ಕೋಹಾಲ್ ಹಾಕಿ, ಬಿರಡೆ ಬಿಗಿದು, ಗಿರ್ರನೆ ತಿರುಗಿಸುತ್ತಾರೆ. ಆಮ್ಲ ಹೊದಿಕೆಗಳನ್ನೆಲ್ಲ ಸುಟ್ಟುಬಿಡುತ್ತದೆ. ಐದು ನಿಮಿಷಕ್ಕೆ ಬಂಗಾರದ ಬಣ್ಣದ ಕೊಬ್ಬು ಕೊಳವೆಯ ಕತ್ತಿನಲ್ಲಿ ನಿಂತು, 3.5 ಅಥವಾ 4 ಎಂದು ಗೀಟಿನ ಮೇಲೆ ತೋರಿಸುತ್ತದೆ. ಕಡಗೋಲು ಪುಸಲಾಯಿಸಿ ಬಿಚ್ಚುತ್ತಿದ್ದ ಹೊದಿಕೆಯನ್ನು ಆಮ್ಲ ಒಂದೇಟಿಗೆ ತೆಗೆಯುತ್ತದೆ. ಈಗ ಹಲವು ಕಡೆ ಆ ಕೊಳವೆಯ ಜಾಗಕ್ಕೂ ಗುಂಡಿ ಒತ್ತಿದರೆ ಅಂಕಿ ತೋರಿಸುವ ಯಂತ್ರ ಬಂದಿದೆ.

ಪಟ್ಟಣದಲ್ಲಿ ಪ್ಯಾಕೆಟ್ ಹಾಲಿನಿಂದ ಬೆಣ್ಣೆ ತೆಗೆಯಲು ಹೋಗಿ ಸೋತವರು ತಮ್ಮ ಕೈಯನ್ನು ಬೈದುಕೊಳ್ಳಬೇಕಿಲ್ಲ. ಪ್ಯಾಕೆಟ್ಟಿನ ಮೇಲೆ ಹೋಮೊಜೆನೈಸ್ ಮಾಡಿದ್ದು ಎಂದು ಬರೆದಿದ್ದರೆ ಆ ಹಾಲನ್ನು ಬಹಳ ಒತ್ತಡದಲ್ಲಿ ಸಣ್ಣ ಸಂದಿಯೊಳಗಿಂದ ನುಗ್ಗಿಸಲಾಗಿದೆ ಎಂದರ್ಥ. 1899ರಲ್ಲಿ ಫ್ರಾನ್ಸಿನ ಒಗುಸ್ತ್ ಗೊಲಾಂ ಪೇಟೆಂಟ್ ಪಡೆದ ವಿಧಾನ ಅದು. ಗೋಲಿಗಳು 1 ಮೈಕ್ರೋಮೀಟರಿನ ಆಸುಪಾಸಿಗೆ ನುಚ್ಚಾಗುತ್ತವೆ. ಹಳೆಯ ಹೊದಿಕೆ ಸಾಲದೆ ಕೇಸಿನ್ ಪ್ರೋಟೀನನ್ನು ಮೈಗೆ ಮೆತ್ತಿಕೊಳ್ಳುತ್ತವೆ. ಅಂಥ ಹಾಲಿನ ಮೊಸರನ್ನು ಸಂಜೆವರೆಗೆ ಕಡೆದರೂ ಸಿಗುವುದು ಒಳ್ಳೆಯ ಮಜ್ಜಿಗೆ.

ಕಳೆದ ಮಾಘದಲ್ಲಿ ಚಿಂತಾಮಣಿ ಕಡೆಯ ನಮ್ಮ ನೆಂಟರ ಮನೆಯಲ್ಲಿದ್ದೆ. ಮಣ್ಣಿನ ಗಡಿಗೆ ಹಿತ್ತಲಲ್ಲಿ ತುಳಸಿ ಹೊತ್ತು ನಿಂತಿದೆ, ಕಡಗೋಲು ಅಟ್ಟದ ಮೇಲಿದೆ. ಎರಡು ಸೀಮೆಹಸುಗಳ ಹಾಲು ಡೈರಿಗೆ ಹೋಗಿ ಉಳಿದದ್ದರ ಕೆನೆಯನ್ನು ಸೊಸೆ ವಾರವಿಡೀ ಫ್ರಿಜ್ಜಿನಲ್ಲಿ ಕೂಡಿಡುತ್ತಾಳೆ, ಭಾನುವಾರ ಹೆಪ್ಪು ಹಾಕಿ ಸೋಮವಾರ ಮಿಕ್ಸಿಗೆ ಹಾಕುತ್ತಾಳೆ. ಅಂದು ಬೆಳಿಗ್ಗೆ ಮಿಕ್ಸಿ ಶುರುವಾಯಿತು. ಮೊದಲು ಕಿವಿ ಸೀಳುವ ಸದ್ದು, ನಿಮಿಷದೊಳಗೆ ದಪ್ಪಗಾಗಿ ಮುಲುಗಿತು. ಸೊಸೆ ಒಂದು ಲೋಟ ಬಿಸಿನೀರು ಸುರಿದಳು. ಎಂಬತ್ತು ದಾಟಿದ ಅತ್ತೆಗೆ ಕಣ್ಣು ಮಂಜು, ಅವರು ಒಳಕೋಣೆಯಲ್ಲಿ ಗೋಡೆಗೊರಗಿ ಅವರೆಕಾಯಿ ಸುಲಿಯುತ್ತಿದ್ದರು. ಯಾರೂ ಅವರನ್ನು ಏನೂ ಕೇಳಿರಲಿಲ್ಲ. ಒಮ್ಮೆಗೇ ಕೈ ನಿಲ್ಲಿಸಿ, ಕತ್ತು ಓರೆ ಮಾಡಿ, ಅಲ್ಲಿಂದಲೇ ಕೂಗಿದರು:

“ಸಾಕಮ್ಮಾ, ಸದ್ದು ತಿರುಗ್ತು. ನಿಲ್ಸು.”